ಕಾರ್ವೆಟ್ ರ‍್ಯಾಲಿ ರಿಮ್: ವಾಲ್ವ್ ತೂತಿನ ಪಕ್ಕದ ಅಚ್ಚು ಓದುವುದು

ಟ್ರಿಮ್ ರಿಂಗ್ (ರಿಮ್ಮಿನ ಅಂಚಿನ ಹೊಳೆಯುವ ಬಳೆ) ಬಿಚ್ಚದೆ ಷೆವರ್ಲೆ ಕಂಪನಿಯ ಸ್ಪೋರ್ಟ್ಸ್ ಕಾರು ಕಾರ್ವೆಟ್‌ನ ರ‍್ಯಾಲಿ ರಿಮ್ಮನ್ನು (ಉಕ್ಕಿನ ಚಕ್ರವನ್ನು) ಯಾರು 'ಒರಿಜಿನಲ್' ಅಂದರೂ ಅದು ಬರೀ ಊಹೆ. ಕಾರ್ಖಾನೆ ಹೊಡೆದ ಅಕ್ಷರ, ಅಂಕಿಗಳು ರಿಮ್ಮಿನ ಮುಂಭಾಗದಲ್ಲೇ, ವಾಲ್ವ್ ತೂತಿನ ಅಕ್ಕಪಕ್ಕ ಇರುತ್ತವೆ, ಆದರೆ ಆ ಹೊಳೆಯುವ ರಿಂಗ್ ಅವನ್ನು ಪೂರಾ ಮುಚ್ಚಿಬಿಡುತ್ತದೆ. ರಿಂಗನ್ನು ನಾನು ಮರದ ಬೆಣೆಯಿಂದ, ಕ್ಲಿಪ್ ಇರುವ ಕಡೆಗಳಲ್ಲಿ ಸ್ವಲ್ಪ ಸ್ವಲ್ಪವೇ ಎಬ್ಬಿಸುತ್ತೇನೆ. ಸ್ಕ್ರೂಡ್ರೈವರ್ ಹಾಕಿ ಒಂದೇ ಕಡೆ ಮೀಟಿದರೆ ಅಂಚು ಸೊಟ್ಟಗಾಗುತ್ತದೆ, ಮತ್ತೆ ನೆಟ್ಟಗಾಗುವುದಿಲ್ಲ. ಕೈಗವಸು ಬೇಕೇಬೇಕು. ಒಳ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ.

ಅಚ್ಚು ಹುಡುಕುವ ಮೊದಲು ಅಳತೆ. ಎಷ್ಟೋ ಜನ ಇದನ್ನು ತಿರುಗುಮುರುಗು ಮಾಡಿ, ಎರಡಕ್ಷರ ಕಂಡ ಕೂಡಲೇ ದುಡ್ಡು ಎಣಿಸುತ್ತಾರೆ. ಕಾರ್ವೆಟ್ ರಿಮ್ಮಿಗೆ ಐದು ಬೋಲ್ಟ್, ಅವುಗಳ ವೃತ್ತದ ವ್ಯಾಸ 4.75 ಇಂಚು, ಅಂದರೆ 120.65 ಮಿಮೀ. ಐದು ತೂತಿನ ರಿಮ್ಮಿನಲ್ಲಿ ಎದುರುಬದುರು ತೂತು ಇರುವುದಿಲ್ಲವಾದ್ದರಿಂದ ವ್ಯಾಸವನ್ನು ನೇರವಾಗಿ ಅಳೆಯಲಾಗದು. ಪಕ್ಕಪಕ್ಕದ ಎರಡು ತೂತುಗಳ ನಡುಮಧ್ಯದಿಂದ ನಡುಮಧ್ಯಕ್ಕೆ ಕ್ಯಾಲಿಪರ್ ಹಿಡಿದು, ಬಂದದ್ದನ್ನು 1.7013ರಿಂದ ಗುಣಿಸಬೇಕು. ಕಾರ್ವೆಟ್ಟಿಗೆ ಆ ಅಂತರ 70.9 ಮಿಮೀ ಬರುತ್ತದೆ. 74.6 ಬಂದರೆ ಅದು 5 ಇಂಚಿನ ವೃತ್ತ: 1971ರಿಂದೀಚಿನ ಷೆವರ್ಲೆ ಪಿಕಪ್ಪಿನ ರ‍್ಯಾಲಿ ರಿಮ್ಮುಗಳು ಆ ಅಳತೆಯವು, ದೂರದಿಂದ ನೋಡಿದರೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಐದರ ಬದಲು ಹತ್ತು ತೂತು ಕಂಡರೆ ಅಳೆಯುವ ಶ್ರಮವೂ ಬೇಡ. ಎರಡು ಬಗೆಯ ಕಾರಿಗೂ ಕೂರಲಿ ಎಂದು ಮಾಡಿದ ಹೊಸ ಮಾಲು ಅದು.

ಅಗಲವನ್ನು ಟೈರ್ ಕೂರುವ ಎರಡು ಅಂಚುಗಳ ಒಳಮೈಯಿಂದ ಒಳಮೈಗೆ ಅಳೆಯಬೇಕು. 8 ಇಂಚಿನ ರಿಮ್ಮಿಗೆ ಅದು 203 ಮಿಮೀ. ಹೊರಗಿನಿಂದ ಹೊರಕ್ಕೆ ಅಳೆದರೆ ಹೆಚ್ಚುಕಡಿಮೆ ಒಂದು ಇಂಚು ಜಾಸ್ತಿ ತೋರಿಸುತ್ತದೆ. 7 ಇಂಚಿನದನ್ನು '8' ಎಂದು ಮಾರುವವರಲ್ಲಿ ಅರ್ಧ ಜನ ಮೋಸ ಮಾಡುತ್ತಿರುವುದಿಲ್ಲ, ಟೇಪನ್ನು ತಪ್ಪು ಜಾಗದಲ್ಲಿ ಹಿಡಿದಿರುತ್ತಾರೆ, ಅಷ್ಟೆ.

ಈಗ ಅಚ್ಚು. ಐವತ್ತು ವರ್ಷದ ಪೇಂಟು, ತುಕ್ಕು, ಬ್ರೇಕಿನ ಕರಿ ಧೂಳು ಸೇರಿ ಅದನ್ನು ಹೂತಿರುತ್ತವೆ. ಗ್ರೈಂಡರ್, ತಂತಿಚಕ್ರ, ಮರಳಿನ ಬ್ಲಾಸ್ಟಿಂಗ್ ಇವನ್ನು ವಾಲ್ವ್ ತೂತಿನ ಸುತ್ತ ಅಂಗೈಯಗಲ ಜಾಗದಲ್ಲಿ ನಾನು ಬಳಸುವುದೇ ಇಲ್ಲ. ಅಚ್ಚಿನ ಆಳ ಕಡಿಮೆ, ಒಮ್ಮೆ ಸವೆದರೆ ಹೋಯಿತು. ಪೇಂಟ್ ರಿಮೂವರ್ ಹಚ್ಚಿ 15 ನಿಮಿಷ ಬಿಟ್ಟು, ನೈಲಾನ್ ಬ್ರಶ್‌ನಿಂದ ತಿಕ್ಕಬೇಕು. ಬಿಡದಿದ್ದರೆ ಇನ್ನೊಂದು ಸುತ್ತು, ಆಮೇಲೆ ಬೇಕಾದರೆ ಹಿತ್ತಾಳೆ ಬ್ರಶ್. ಒಣಗಿದ ಮೇಲೆ ಸೀಮೆಸುಣ್ಣವನ್ನು ಅಡ್ಡ ಮಲಗಿಸಿ ಉಜ್ಜಿ, ಮೇಲ್ಮೈಯನ್ನು ಬೆರಳಿಂದ ಒರೆಸಿದರೆ ಪುಡಿ ಅಕ್ಷರದ ಗುಂಡಿಯಲ್ಲಿ ಮಾತ್ರ ಉಳಿಯುತ್ತದೆ. ಟಾರ್ಚನ್ನು ನೇರವಾಗಿ ಹಿಡಿಯದೆ ರಿಮ್ಮಿಗೆ ಬಹುತೇಕ ಸಮಾನಾಂತರವಾಗಿ, ಪಕ್ಕದಿಂದ ಹಿಡಿದು ಫೋಟೋ ತೆಗೆಯಬೇಕು. ಕಣ್ಣಿಗೆ 3 ಅನಿಸಿದ್ದು ನೆರಳಿನಲ್ಲಿ 8 ಆಗಿರುವುದು ಮಾಮೂಲು.

ಓದಬೇಕಾದದ್ದು ಎರಡು ಗುಂಪು. ಮೊದಲನೆಯದು ಅಳತೆಯ ಕೋಡ್. 1967ರ ಕಾರ್ವೆಟ್ಟಿಗೆ 15×6 ರಿಮ್, ಕೋಡ್ 'ಡಿಸಿ'. 1968ಕ್ಕೆ 15×7, 'ಎಜಿ'. 1969ರಿಂದ 1982ರವರೆಗೆ 15×8, 'ಎಝಡ್'. ಎರಡನೆಯ ಗುಂಪು ತಯಾರಕರ ಗುರುತು ಮತ್ತು ತಾರೀಖು. ಉದಾಹರಣೆಗೆ 'ಕೆ 1 9 10 14' ಎಂದಿದ್ದರೆ: ಕೆ ಎಂದರೆ ಮಿಷಿಗನ್ನಿನ ಕೆಲ್ಸಿ-ಹೇಯ್ಸ್ ಕಂಪನಿ, 1 ಎಂದರೆ ಷೆವರ್ಲೆ, 9 ಇಸವಿಯ ಕೊನೆಯ ಅಂಕಿ, ಉಳಿದದ್ದು ಅಕ್ಟೋಬರ್ 14.

ಎಡವುವುದು ಆ ಒಂಟಿ ಅಂಕಿಯಲ್ಲಿ. 'ಎಝಡ್' ಹದಿನಾಲ್ಕು ಮಾಡೆಲ್ ವರ್ಷ ನಡೆದದ್ದರಿಂದ 9 ಎಂದರೆ 1969 ಆಗಬಹುದು, 1979 ಕೂಡ ಆಗಬಹುದು. 0, 1, 2ಕ್ಕೂ ಇದೇ ಪಾಡು. 8 ಇನ್ನೂ ನಾಜೂಕು: 1969ರ ಮಾಡೆಲಿಗೆ 1968ರ ಕೊನೆಯ ತಿಂಗಳುಗಳಲ್ಲಿ ಹೊಡೆದದ್ದಿರಬಹುದು, 1978ರದ್ದೂ ಇರಬಹುದು. 8ರ ಜೊತೆ ತಿಂಗಳು 2 ಅಥವಾ 3 ಎಂದಿದ್ದರೆ ನಾನು ಅದನ್ನು 1978ರ ಕಡೆಗೇ ಹಾಕುತ್ತೇನೆ. ಗೊಂದಲವಿಲ್ಲದ ಅಂಕಿಗಳು 3ರಿಂದ 7ರವರೆಗಿನವು ಮಾತ್ರ. ಬಿಡಿ ರಿಮ್ ಒಂದನ್ನೇ ಕೈಯಲ್ಲಿಟ್ಟುಕೊಂಡು '1969ರದ್ದೇ' ಎಂದು ಆಣೆ ಹಾಕುವವರನ್ನು ನಂಬಬೇಡಿ. ಅದರ ಜೊತೆ ಬಂದ ಉಳಿದ ಮೂರರ ತಾರೀಖು ನೋಡಬೇಕು, ಯಾವ ಕಾರಿನಿಂದ ಬಿಚ್ಚಿದ್ದು ಎಂದು ಕೇಳಬೇಕು.

ಕಾರು ಎದುರಿಗಿದ್ದರೆ ಕೆಲಸ ಸಲೀಸು. 1968ರಿಂದೀಚಿನ ಕಾರಾದರೆ ಚಾಲಕನ ಬಾಗಿಲ ಕಂಬದ ಮೇಲಿನ ಟ್ರಿಮ್ ಟ್ಯಾಗಿನಲ್ಲಿ (ಕಾರಿನ ವಿವರ ಅಚ್ಚೊತ್ತಿದ ಸಣ್ಣ ಲೋಹದ ತಗಡಿನಲ್ಲಿ) ಒಂದು ಅಕ್ಷರ, ಒಂದು ಸಂಖ್ಯೆ ಇರುತ್ತವೆ. ಅಕ್ಷರ ಬಾಡಿ ಕಟ್ಟಿದ ತಿಂಗಳು, ಸಂಖ್ಯೆ ದಿನ. ಅಕ್ಷರ ಎಣಿಕೆ ಶುರುವಾಗುವುದು ಜನವರಿಯಿಂದಲ್ಲ, ಆ ಮಾಡೆಲಿನ ಉತ್ಪಾದನೆ ಶುರುವಾದ ತಿಂಗಳಿಂದ. ರಿಮ್ಮಿನ ತಾರೀಖು ಬಾಡಿಯದಕ್ಕಿಂತ ಕೆಲವು ವಾರ ಅಥವಾ ಕೆಲವು ತಿಂಗಳು ಹಿಂದಿನದಾಗಿರಬೇಕು. ಕಾರು ಹೊರಬಿದ್ದ ಮೇಲಿನ ತಾರೀಖಿನ ರಿಮ್ ಆ ಕಾರಿನದಾಗಲು ಸಾಧ್ಯವೇ ಇಲ್ಲ. ನಾಲ್ಕಕ್ಕೂ ಒಂದೇ ದಿನದ ಅಚ್ಚು ಇರಬೇಕೆಂದೇನೂ ಇಲ್ಲ. ನಾಲ್ಕೂ ಒಂದೇ ಇದ್ದರೆ ನನಗೆ ಖುಷಿಗಿಂತ ಅನುಮಾನವೇ ಹೆಚ್ಚು. 1969ರ ಮಾಡೆಲಿನ ಉತ್ಪಾದನೆ ಆ ವರ್ಷದ ಡಿಸೆಂಬರಿನವರೆಗೆ ನಡೆಯಿತು, 1970ರದ್ದು ಶುರುವಾದದ್ದೇ ಜನವರಿಯಲ್ಲಿ. ಹಾಗಾಗಿ '9 11' ಎಂಬ ರಿಮ್ 1969ರ ಕೊನೆಯ ಕಾರಿಗೂ ಸಲ್ಲುತ್ತದೆ, 1970ರ ಮೊದಮೊದಲ ಕಾರಿಗೂ ಸಲ್ಲುತ್ತದೆ.

ಬೆಲೆ ಏರಿದ ಮೇಲೆ ಹೊಸದಾಗಿ ಹೊಡೆದ ನಕಲಿ ಅಚ್ಚುಗಳೂ ಬಂದಿವೆ. ಭೂತಗನ್ನಡಿಯಲ್ಲಿ ಅಕ್ಷರದ ತಳ ನೋಡಿ. ಹಳೆಯ ಅಚ್ಚಾದರೆ ತುಕ್ಕಿನ ಗುಳಿ ಸುತ್ತಲಿನ ಲೋಹದಲ್ಲಿರುವಷ್ಟೇ ಒಳಗೂ ಇರುತ್ತದೆ. ಹೊಸದಾದರೆ ಪಂಚು ತುಕ್ಕಿನ ಗುಳಿಗಳನ್ನು ಜಜ್ಜಿಕೊಂಡು ಇಳಿದಿರುತ್ತದೆ, ಅಕ್ಷರದ ತಳ ನುಣುಪಾಗಿರುತ್ತದೆ. ಅಚ್ಚಿನ ಸುತ್ತ ಮಾತ್ರ ಉಜ್ಜಿದ ಗೀರುಗಳಿದ್ದರೆ ಹಳೆಯದನ್ನು ಅಳಿಸಿದ್ದಾರೆ ಎಂದೇ ಅರ್ಥ.

ಎಲ್ಲ ಓದಿ ಮುಗಿದ ಮೇಲೆಯೇ ಬಣ್ಣ. ಪೌಡರ್ ಕೋಟಿಂಗ್ ಗಟ್ಟಿ, ನಿಜ, ಆದರೆ ದಪ್ಪ. ಅಚ್ಚನ್ನು ತುಂಬಿ ಮಟ್ಟ ಮಾಡಿಬಿಡುತ್ತದೆ. ನಾನು ಅಚ್ಚಿನ ಜಾಗಕ್ಕೆ ಒಂದೇ ತೆಳು ಕೈ ಪ್ರೈಮರ್, ಅದರ ಮೇಲೆ ಎರಡು ತೆಳು ಕೈ ಆರ್ಜೆಂಟ್ ಸಿಲ್ವರ್ ಹೊಡೆಯುತ್ತೇನೆ. ಮೊದಲು ತೆಗೆದ ಪಕ್ಕದ ಬೆಳಕಿನ ಫೋಟೋವನ್ನು, ರಿಮ್ಮಿನ ಹಿಂಬದಿಗೆ ಕಟ್ಟಿದ ಚೀಟಿಯ ನಂಬರಿನ ಜೊತೆ ಉಳಿಸಿಕೊಳ್ಳುತ್ತೇನೆ. ಟೈರ್ ಅಂಗಡಿಗೆ ನಾಲ್ಕು ರಿಮ್ ಹೋದರೆ ವಾಪಸು ಬರುವುದು ಅದೇ ನಾಲ್ಕೋ ಅಲ್ಲವೋ ಎಂದು ಆ ಚೀಟಿ ನೋಡಿಯೇ ಲೆಕ್ಕ ಹಾಕುವುದು.