ಫ್ರೆಂಚ್ ಪ್ರೆಸ್ ಕಾಫಿ: ಒತ್ತುವುದು ಕಡಿಮೆ, ಕಾಯುವುದು ಜಾಸ್ತಿ

ನಮ್ಮ ಮನೆಯಲ್ಲಿ ಬೆಳಗಿನ ಕಾಫಿ ಈಗಲೂ ಸ್ಟೀಲ್ ಫಿಲ್ಟರಿನದ್ದೇ. ಗಟ್ಟಿ ಡಿಕಾಕ್ಷನ್, ಕುದಿ ಬಂದ ಹಾಲು. ಅದನ್ನು ಬದಲಾಯಿಸುವ ಆಸೆ ಯಾರಿಗೂ ಇಲ್ಲ. ಆದರೆ ಹನ್ನೊಂದು ಗಂಟೆಯ ಕಾಫಿ ನನ್ನದು. ಅದನ್ನು ಫ್ರೆಂಚ್ ಪ್ರೆಸ್‌ನಲ್ಲಿ ಮಾಡಿ, ಹಾಲು ಸಕ್ಕರೆ ಎರಡೂ ಇಲ್ಲದೆ ಕುಡಿಯುತ್ತೇನೆ. ಪ್ರೆಸ್ ಅಂದರೆ ಕಾಫಿಪುಡಿಯನ್ನು ಬಿಸಿನೀರಿನಲ್ಲಿ ನೆನೆಸಿ, ಮುಚ್ಚಳಕ್ಕೆ ಜೋಡಿಸಿದ ಜಾಲರಿಯಿಂದ ಸೋಸುವ ಗಾಜಿನ ಪಾತ್ರೆ. ಚಿಕ್ಕಮಗಳೂರಿನ ಅರೇಬಿಕಾ ಜಾತಿಯ ಕಾಫಿಗೆ ಇಂಥ ರುಚಿ ಇದೆ ಅಂತ ನನಗೆ ಗೊತ್ತಾಗಿದ್ದೇ ಈ ಗಾಜಿನ ಪಾತ್ರೆಯಿಂದ. ಹಾಲಿಲ್ಲದಾಗ ಬೀಜ ಒಳ್ಳೆಯದಿದ್ದರೆ ಒಳ್ಳೆಯದು ಅಂತ ತಿಳಿಯುತ್ತದೆ, ಹಳಸಿದ್ದರೆ ಅದೂ ತಿಳಿಯುತ್ತದೆ. ಹಾಗಾಗಿ ಬೀಜದ ಮಾತು ಮೊದಲು.

ಕಾಫಿಪುಡಿ ಅಂಗಡಿಗೆ ಹೋದ ಕೂಡಲೇ ಕೇಳುತ್ತಾರೆ, "ಚಿಕೋರಿ ಎಷ್ಟು ಹಾಕ್ಲಿ ಸಾರ್?" ಚಿಕೋರಿ ಅಂದರೆ ಕಾಫಿಪುಡಿಗೆ ಬೆರೆಸುವ, ಹುರಿದ ಬೇರಿನ ಪುಡಿ. ಪ್ರೆಸ್‌ಗೆ ಅದು ಬೇಡವೇ ಬೇಡ. ಹಾಲು ಬೆರೆಸಿದಾಗಲೂ ಡಿಕಾಕ್ಷನ್ ಕಪ್ಪಗೆ, ಗಟ್ಟಿಯಾಗಿ ಇರಲಿ ಅಂತ ಅದನ್ನು ಹಾಕುವುದು. ಪ್ರೆಸ್‌ನಲ್ಲಿ ಅದರಿಂದ ಬರುವುದು ಮಂದವಾದ ಕಹಿ, ತಳದಲ್ಲಿ ರಾಡಿ. ನಾನು ಹೇಳುವುದು ಇಷ್ಟು: "ಅಣ್ಣ, ಪ್ಲಾಂಟೇಶನ್ ಎ ಕಾಲು ಕೆಜಿ ಕೊಡಿ. ಪುಡಿ ಮಾಡ್ಬೇಡಿ, ಬೀಜಾನೇ ಇರಲಿ." ಪ್ಲಾಂಟೇಶನ್ ಅಂದರೆ ಹಣ್ಣಿನ ಸಿಪ್ಪೆ ಬಿಡಿಸಿ, ತೊಳೆದು ಒಣಗಿಸಿದ ಅರೇಬಿಕಾ; ಎ ಅನ್ನುವುದು ಬೀಜದ ಗಾತ್ರದ ದರ್ಜೆ. ಹಣ್ಣನ್ನು ಇಡಿಯಾಗಿ ಕಣದಲ್ಲಿ ಒಣಗಿಸಿದರೆ ಅದು ಚೆರ್ರಿ. ಎಸ್ 795 ತಳಿಯ ಬೀಜ ಅಂತ ಬರೆದಿರುವ ಪೊಟ್ಟಣ ಸಿಕ್ಕರೆ ನಾನು ಬಿಡುವುದಿಲ್ಲ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಿಂದ 1940ರ ದಶಕದಲ್ಲಿ ಬಂದ ತಳಿ ಅದು. ಹದವಾಗಿ ಹುರಿದಿದ್ದರೆ ಹುಳಿ ಕಡಿಮೆ, ಕೊನೆಯಲ್ಲಿ ಬೆಲ್ಲದ ನೆನಪು ಬರುವ ಒಂದು ಸಿಹಿ ನಾಲಿಗೆಯ ಮೇಲೆ ಉಳಿಯುತ್ತದೆ. ಎಣ್ಣೆ ಹೊರಬರುವಷ್ಟು ಕಪ್ಪಗೆ ಹುರಿದ ಬೀಜ ಪ್ರೆಸ್‌ಗೆ ನನಗೆ ಒಗ್ಗುವುದಿಲ್ಲ. ಹುರಿದ ದಿನಾಂಕ ಕೇಳಿಯೇ ಕೊಳ್ಳಿ. ತಂದದ್ದನ್ನು ತಿಂಗಳೊಳಗೆ ಮುಗಿಸಿ.

ಇನ್ನು ಪುಡಿ. ಪ್ರೆಸ್‌ನ ಅರ್ಧ ಗೆಲುವು ಇದರಲ್ಲೇ ಇದೆ. ಅಂಗಡಿಯ ಫಿಲ್ಟರ್ ಪುಡಿ ಇಲ್ಲಿ ತೀರಾ ನುಣ್ಣಗಾಯಿತು. ಅದು ಜಾಲರಿಯಲ್ಲಿ ನುಸುಳಿ ಲೋಟಕ್ಕೆ ಬರುತ್ತದೆ, ನೀರಿನಲ್ಲಿ ಬೇಗ ರಸ ಬಿಟ್ಟು ಕಹಿಯಾಗುತ್ತದೆ. ಬೆರಳ ನಡುವೆ ಹಿಡಿದರೆ ಬನ್ಸಿ ರವೆಯ ಹಾಗೆ ತರಿತರಿ ಇರಬೇಕು, ಚಿರೋಟಿ ರವೆಯ ಹಾಗಲ್ಲ. ನನ್ನ ಹತ್ತಿರ ಕೈಯಲ್ಲಿ ತಿರುಗಿಸುವ ಗ್ರೈಂಡರ್ ಇದೆ. ಮಿಕ್ಸಿಯಾದರೆ ಒಂದೇ ಸಮನೆ ಓಡಿಸಬೇಡಿ. ತಡೆತಡೆದು ತಿರುಗಿಸಿ, ಆಮೇಲೆ ಸಣ್ಣ ಕಣ್ಣಿನ ಜರಡಿಯಲ್ಲಿ ಹಿಟ್ಟಿನಂಥದ್ದನ್ನು ಜರಡಿ ಹಿಡಿದು ತೆಗೆಯಿರಿ. ಆ ಹಿಟ್ಟು ಬೆಳಗಿನ ಫಿಲ್ಟರಿಗೆ ಆಗುತ್ತದೆ, ಸುಮ್ನೆ ಎಸೆಯುವುದು ಯಾಕೆ?

ನೀರಿನ ವಿಷಯ ಎಲ್ಲರೂ ಮರೆಯುತ್ತಾರೆ. ಕಾಫಿಯ ಬಹುಪಾಲು ನೀರೇ ಅಲ್ವಾ? ಗಡಸು ಬೋರ್‌ವೆಲ್ ನೀರು ಕಾಫಿಯ ಹುಳಿಯನ್ನೆಲ್ಲ ತಿಂದುಹಾಕಿ ರುಚಿಯನ್ನು ಸಪ್ಪೆ ಮಾಡುತ್ತದೆ. ಖನಿಜಾಂಶವೆಲ್ಲ ಹೋದ ಆರ್‌ಓ ನೀರಿನಲ್ಲೂ ರುಚಿ ಏಳುವುದಿಲ್ಲ. ನಮ್ಮಲ್ಲಿ ಕಾವೇರಿ ನೀರು ಬರುವ ದಿನ ಕಾಫಿಗೆ ಅಂತಲೇ ಬೇರೆ ಹಿಡಿದಿಡುತ್ತೇನೆ. ಇನ್ನು ಕಾವು 92ರಿಂದ 96 ಡಿಗ್ರಿ ಇದ್ದರೆ ಚೆನ್ನ. ಬೆಂಗಳೂರು ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಹಾಗಾಗಿ ಇಲ್ಲಿ ನೀರು ಕುದಿಯುವುದೇ 97ರ ಆಸುಪಾಸಿನಲ್ಲಿ. ಒಲೆ ಆರಿಸಿ ಪ್ರೆಸ್‌ಗೆ ಪುಡಿ ಹಾಕುವಷ್ಟರಲ್ಲಿ ಹದಕ್ಕೆ ಬಂದಿರುತ್ತದೆ, ಥರ್ಮಾಮೀಟರ್ ಬೇಕಿಲ್ಲ. ಮಂಗಳೂರಿನವರು ಒಂದು ನಿಮಿಷ ಜಾಸ್ತಿ ಕಾಯಬೇಕು.

ಮೊದಲು ಖಾಲಿ ಪ್ರೆಸ್‌ಗೆ ಬಿಸಿನೀರು ಹಾಕಿ, ಆಡಿಸಿ ಚೆಲ್ಲುತ್ತೇನೆ. ತಣ್ಣನೆಯ ಗಾಜು ನೀರಿನ ಕಾವನ್ನು ಎಳೆದುಕೊಳ್ಳಬಾರದಲ್ಲ. ಆಮೇಲೆ 20 ಗ್ರಾಂ ಪುಡಿ, 300 ಮಿಲಿ ನೀರು. ಚಮಚದ ಅಳತೆ ನಂಬಬೇಡಿ, ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ಪುಡಿಯೆಲ್ಲ ನೆನೆಯುವ ಹಾಗೆ ಸುತ್ತ ನೀರು ಹೊಯ್ಯುತ್ತೇನೆ. ತಾಜಾ ಬೀಜವಾದರೆ ಆಗಲೇ ಗೊತ್ತಾಗುತ್ತದೆ. ಒಳಗಿನ ಗಾಳಿ ಗುಳ್ಳೆಯಾಗಿ ಬಂದು, ಪುಡಿಯೆಲ್ಲ ನೊರೆಯ ಜೊತೆ ಮೇಲೇರಿ, ಬಾಯಿಯ ಹತ್ತಿರ ದಪ್ಪನೆಯ ಪದರವಾಗಿ ನಿಲ್ಲುತ್ತದೆ. ಹಳೆಯ ಬೀಜವಾದರೆ ಈ ಉಬ್ಬು ಬರುವುದೇ ಇಲ್ಲ. ಮೊಬೈಲಿನಲ್ಲಿ ನಾಲ್ಕು ನಿಮಿಷ ಇಟ್ಟು ಬಿಟ್ಟುಬಿಡುತ್ತೇನೆ.

ನಾಲ್ಕು ನಿಮಿಷಕ್ಕೆ ಚಮಚದ ಬೆನ್ನಿನಿಂದ ಆ ಪದರವನ್ನು ಮೆಲ್ಲಗೆ ಒತ್ತಿ ಒಡೆಯಬೇಕು. ಮೂಗು ಹತ್ತಿರ ತನ್ನಿ. ಇಡೀ ಕೆಲಸದಲ್ಲಿ ಘಮ ಅತಿ ಜೋರಾಗಿ ಏಳುವ ಗಳಿಗೆ ಅದು. ಒಡೆದ ಕೂಡಲೇ ಪುಡಿಯ ಬಹುಪಾಲು ತಳಕ್ಕಿಳಿಯುತ್ತದೆ. ಮೇಲೆ ಉಳಿದ ಕಂದು ನೊರೆ, ತೇಲುವ ಚೂರು ಎಲ್ಲವನ್ನೂ ಎರಡು ಚಮಚದಲ್ಲಿ ತೆಗೆದುಬಿಡಿ. ಇನ್ನು ಐದು ನಿಮಿಷ ಮುಟ್ಟಬೇಡಿ. ತರಿಪುಡಿ ಇಷ್ಟು ಹೊತ್ತಿಗೆ ಬೇಗ ಕಹಿಯಾಗುವುದಿಲ್ಲ, ಸಣ್ಣ ಗಸಿಯೂ ಕೆಳಗೆ ಕೂರುತ್ತದೆ.

ಆಮೇಲೆ ಮುಚ್ಚಳ. ಜಾಲರಿಯನ್ನು ತಳದವರೆಗೆ ಒತ್ತುವುದಿಲ್ಲ. ಕಾಫಿಯ ಮೇಲ್ಮೈಗೆ ತಾಗುವಷ್ಟು ಇಳಿಸಿ, ನಿಧಾನವಾಗಿ ಬಗ್ಗಿಸುತ್ತೇನೆ. ಬಲವಾಗಿ ಒತ್ತಿದರೆ ಕೂತಿದ್ದ ಗಸಿ ಮತ್ತೆ ಎದ್ದು, ಇಷ್ಟು ಹೊತ್ತು ಕಾದದ್ದು ದಂಡ. ಪುಡಿ ಒಂದಷ್ಟು ನೀರು ಕುಡಿದಿರುವುದರಿಂದ ಎರಡು ಸಣ್ಣ ಲೋಟಕ್ಕಾಗುತ್ತದೆ. ಕೊನೆಯ ಎರಡು ಗುಟುಕು ಪ್ರೆಸ್‌ನಲ್ಲೇ ಇರಲಿ.

ಹಾಲು ಬೇಕೇ ಬೇಕು ಅನ್ನುವವರಿಗೆ ಅದೇ ನೀರಿಗೆ 30 ಗ್ರಾಂ ಪುಡಿ ಹಾಕಿ, ಚೆನ್ನಾಗಿ ಕಾದ ಹಾಲು ಸ್ವಲ್ಪವೇ ಬೆರೆಸಿ. ಡಿಕಾಕ್ಷನ್ನಿನ ಗಟ್ಟಿತನ ಇದಕ್ಕೆ ಬರುವುದಿಲ್ಲ. ಅದು ಬೇಕಿದ್ದರೆ ಫಿಲ್ಟರೇ ಸರಿ.

ಕೊಲೆಸ್ಟರಾಲ್ ಇರುವವರಿಗೆ ಒಂದು ಮಾತು. ಪ್ರೆಸ್ ಕಾಫಿಯಲ್ಲಿ ಬೀಜದ ಎಣ್ಣೆ ಉಳಿದುಕೊಳ್ಳುತ್ತದೆ. ಅದರಲ್ಲಿರುವ ಕೆಫೆಸ್ಟಾಲ್ ಕೆಟ್ಟ ಕೊಲೆಸ್ಟರಾಲನ್ನು ಏರಿಸುತ್ತದೆ. ಪೇಪರ್ ಫಿಲ್ಟರ್‌ನಲ್ಲಿ ಸೋಸಿದರೆ ಅದರ ಬಹುಪಾಲು ಕಾಗದದಲ್ಲೇ ನಿಲ್ಲುತ್ತದೆ. ಅಪ್ಪನ ಲೋಟಕ್ಕೆ ನಾನು ಹಾಗೆಯೇ ಸೋಸಿ ಕೊಡುತ್ತೇನೆ. ಇದೇ ಎಣ್ಣೆ ಜಾಲರಿಯಲ್ಲೂ ಅಂಟಿಕೊಂಡು ಕಮಟು ವಾಸನೆ ಹಿಡಿಯುತ್ತದೆ. ಅದಕ್ಕೇ ಬರೀ ನೀರಲ್ಲಿ ಜಾಲಾಡಿಸಿ ಇಡಬೇಡಿ. ತಿರುಪು ಬಿಚ್ಚಿ, ಬಿಲ್ಲೆಗಳನ್ನೆಲ್ಲ ಬೇರೆ ಮಾಡಿ, ಸೋಪು ಹಾಕಿ ತಿಕ್ಕಿ, ಒಣಗಿದ ಮೇಲೆ ಜೋಡಿಸಿ.