ಹಿಮ ಬೀಳುವ ಮೊದಲು ಆರ್‌ವಿಯ ನೀರು ಇಳಿಸಿ

ಬೇಸಿಗೆಯಿಡೀ ಸುತ್ತಾಡಿಸಿದ ಆರ್‌ವಿಯನ್ನು (ಅಡುಗೆಮನೆ, ಬಚ್ಚಲು, ಹಾಸಿಗೆ ಎಲ್ಲ ಇರುವ ಪ್ರವಾಸದ ವಾಹನ) ಅಮೆರಿಕದ ಮಿನ್ನೆಸೋಟದಂಥ ಕಡೆ ಅಕ್ಟೋಬರ್‌ನಲ್ಲೇ ಚಳಿಗಾಲಕ್ಕೆ ಅಣಿಗೊಳಿಸಬೇಕು. ಇಲ್ಲಿ ಜನವರಿಯ ರಾತ್ರಿ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ಗೂ ಇಳಿಯುವುದುಂಟು. ನೀರು ಗಡ್ಡೆ ಕಟ್ಟಿದರೆ ಶೇ 9ರಷ್ಟು ಹಿಗ್ಗುತ್ತದೆ. ಫ್ರೀಜರ್‌ನಲ್ಲಿ ಮರೆತ ಗಾಜಿನ ಬಾಟಲಿಯಂತೆ ಪಂಪು, ಗೀಸರು, ಪೈಪು ಸೀಳುತ್ತವೆ. ಸೀಳಿದ್ದು ಗೊತ್ತಾಗುವುದು ಏಪ್ರಿಲ್‌ನಲ್ಲಿ, ಮತ್ತೆ ನೀರು ಬಿಟ್ಟಾಗ.

ಮೊದಲು ಗೀಸರ್. ಹಿಂದಿನ ರಾತ್ರಿಯೇ ಅದರ ಕರೆಂಟು, ಗ್ಯಾಸು ಎರಡನ್ನೂ ಆರಿಸಿಡಿ. ನೀರು ಬಿಸಿಯಿದ್ದು, ಒತ್ತಡವೂ ಇರುವಾಗ ತಳದ ಬಿರಡೆ ತೆಗೆದರೆ ಕೈಮುಖ ಬೇಯುತ್ತದೆ; ಇಲ್ಲಿ ಅವಸರ ಬೇಡವೇ ಬೇಡ. ಬೆಳಿಗ್ಗೆ ಹೊರಗಿನ ನೀರಿನ ಪೈಪ್ ಕಳಚಿ, ಪಂಪ್ ನಿಲ್ಲಿಸಿ, ಬಿಸಿನೀರಿನ ನಲ್ಲಿ ತೆರೆದು ಒತ್ತಡ ಇಳಿಸಿ. ಆಮೇಲೆ ಬಿರಡೆ ಬಿಚ್ಚಿ, ಮೇಲಿನ ಸೇಫ್ಟಿ ವಾಲ್ವ್ ಎತ್ತಿ ಹಿಡಿದರೆ ನೀರು ಸರಾಗವಾಗಿ ಇಳಿಯುತ್ತದೆ. ಕೆಲವು ಗೀಸರ್‌ಗಳಲ್ಲಿ ಬಿರಡೆಯ ಜೊತೆಗೇ ಆನೋಡ್ ರಾಡ್, ಅಂದರೆ ತಾನು ಸವೆದು ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಡೆಯುವ ಲೋಹದ ಕಡ್ಡಿ, ಬರುತ್ತದೆ. ಅದು ಮುಕ್ಕಾಲು ಪಾಲು ಸವೆದಿದ್ದರೆ ಹೊಸದು ಹಾಕಿ. ಖಾಲಿ ಗೀಸರ್‌ಗೆ ಕರೆಂಟ್ ಕೊಟ್ಟರೆ ಕಾಯಿಲ್ ಸುಟ್ಟುಹೋಗುತ್ತದೆ. ಅದಕ್ಕೇ ನಾನು ಸ್ವಿಚ್ಚಿನ ಮೇಲೆ ಟೇಪ್ ಅಂಟಿಸಿಬಿಡುತ್ತೇನೆ.

ಎಲ್ಲ ಟ್ಯಾಂಕ್‌ಗಳನ್ನೂ ಪೈಪುಗಳನ್ನೂ ಖಾಲಿ ಮಾಡಿ, ಪೈಪಿನಲ್ಲಿ ಹರಿಯುವುದು ಗೀಸರ್ ಒಳಗೆ ಹೋಗದೆ ಪಕ್ಕದಿಂದ ಸಾಗುವಂತೆ ಅದರ ಬೈಪಾಸ್ ವಾಲ್ವ್ ತಿರುಗಿಸಿ. ಇದನ್ನು ಮರೆತರೆ ಗೀಸರ್ ತುಂಬುವುದಕ್ಕೇ 6 ಗ್ಯಾಲನ್ ಅಥವಾ ಅದಕ್ಕೂ ಹೆಚ್ಚು ಆಂಟಿಫ್ರೀಜ್ (ಪೈಪಿನಲ್ಲಿ ನೀರಿನ ಬದಲು ತುಂಬುವ, ಚಳಿಗೆ ಸುಲಭವಾಗಿ ಗಡ್ಡೆ ಕಟ್ಟದ ದ್ರವ) ಹೋಗುತ್ತದೆ. ಇಲ್ಲದಿದ್ದರೆ ಸಾಮಾನ್ಯವಾಗಿ ಎರಡು ಮೂರು ಗ್ಯಾಲನ್ ಸಾಕು. ಆರ್‌ವಿಗೆಂದೇ ಮಾರುವ, ಪ್ರೊಪಿಲೀನ್ ಗ್ಲೈಕಾಲ್ ಇರುವ ಗುಲಾಬಿ ಬಣ್ಣದ್ದನ್ನೇ ತನ್ನಿ. ಕಾರಿನದ್ದು ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್, ವಿಷ. ಕುಡಿಯುವ ನೀರಿನ ಪೈಪಿಗೆ ಅದು ಸೋಕಲೂ ಬಾರದು.

ಪಂಪ್ ನೀರೆಳೆಯುವ ಪೈಪನ್ನು ಆಂಟಿಫ್ರೀಜ್ ಕ್ಯಾನ್‌ಗೆ ಇಳಿಸಿ, ಪಂಪ್ ಚಾಲೂ ಮಾಡಿ. ಹತ್ತಿರದ ನಲ್ಲಿಯಿಂದ ಶುರುಮಾಡಿ, ಬಿಸಿ ತಣ್ಣಗಿನದು ಎರಡನ್ನೂ ಬೇರೆಬೇರೆಯಾಗಿ ಗುಲಾಬಿ ಬಣ್ಣ ಬರುವ ತನಕ ಬಿಡಿ. ಶವರ್, ಕಮೋಡ್ ಆದಮೇಲೆ ಹೊರಗೋಡೆಯ ಶವರ್. ಬಹಳ ಜನ ಮರೆಯುವುದು ಅದನ್ನೇ. ವಾಷಿಂಗ್ ಮೆಷಿನ್, ಐಸ್ ಮೇಕರ್ ಇದ್ದರೆ ಅವುಗಳ ಕೈಪಿಡಿಯಂತೆ ಮಾಡಿ. ಸಿಂಕ್ ಕೆಳಗಿನ ಬಾಗಿದ ಪೈಪಿಗೆ ಒಂದೊಂದು ಲೋಟ ಆಂಟಿಫ್ರೀಜ್ ಸುರಿಯಿರಿ.

ಫ್ರಿಜ್ ಆರಿಸಿ, ಐಸ್ ಕರಗಿಸಿ, ಒಣಬಟ್ಟೆಯಲ್ಲಿ ಒರೆಸಿ, ಬಾಗಿಲು ತುಸು ತೆರೆದಿಡಿ. ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಗ್ಯಾಸ್ ಸಿಲಿಂಡರ್ ಬಂದ್ ಮಾಡಿ.

ಲೆಡ್ ಆ್ಯಸಿಡ್ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ಕಳಚಿಡಿ. ಚಾರ್ಜ್ ಇಳಿದದ್ದು ಬೇಗ ಹೆಪ್ಪುಗಟ್ಟುತ್ತದೆ. ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್‌ಗೆ ಹಾಕಬೇಡಿ. ಯಾವ ವಾಲ್ವ್ ಎತ್ತ ತಿರುಗಿಸಿದ್ದೀರೆಂದು ಚೀಟಿ ಬರೆದು ಗೀಸರ್ ಪಕ್ಕ ಅಂಟಿಸಿಡಿ.