ರಾಗ ಗುರುತಿಸಿ, ಡಬ್ಬಿ ಹುಡುಕಿ: ಸಂಗೀತದ ಜಿಯೋಕ್ಯಾಶ್ ಒಗಟು ಕಟ್ಟುವುದು ಹೇಗೆ?

ಯಾರೋ ಒಂದು ಕಡೆ ಪುಟ್ಟ ಡಬ್ಬಿ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ-ರೇಖಾಂಶವನ್ನು ಜಾಲತಾಣದಲ್ಲಿ ಹಾಕುತ್ತಾರೆ. ಬೇರೆಯವರು ಮೊಬೈಲಿನ ಜಿಪಿಎಸ್ ನೋಡಿಕೊಂಡು ಹುಡುಕುತ್ತಾರೆ. ಸಿಕ್ಕರೆ ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುತ್ತಾರೆ. ಇದೇ ಜಿಯೋಕ್ಯಾಶಿಂಗ್. 2000ನೇ ಇಸವಿಯ ಮೇ ತಿಂಗಳಲ್ಲಿ ಅಮೆರಿಕದ ಓರೆಗಾನ್ ರಾಜ್ಯದಲ್ಲಿ ಶುರುವಾದ ಆಟ.

ಇದರಲ್ಲಿ ‘ಮಿಸ್ಟರಿ ಕ್ಯಾಶ್’ ಅನ್ನುವ ಬಗೆಯೊಂದಿದೆ. ನಕ್ಷೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಕಾಣುವ ಜಾಗದಲ್ಲಿ ಡಬ್ಬಿ ಇರುವುದಿಲ್ಲ. ಒಗಟು ಬಿಡಿಸಿದರೆ ಮಾತ್ರ ನಿಜವಾದ ಜಾಗ ಗೊತ್ತಾಗುತ್ತದೆ. ಸಂಗೀತದ ಒಗಟು ಅಂದರೆ ಸಾಮಾನ್ಯವಾಗಿ ವಿದ್ವಾಂಸರು ಹುಟ್ಟಿದ ವರ್ಷ, ಪ್ರಶಸ್ತಿ ಬಂದ ವರ್ಷ ಕೇಳುತ್ತಾರೆ. ಅದಕ್ಕೆ ಸಂಗೀತವೇ ಬೇಡ, ಅಲ್ವಾ? ಇಂಟರ್ನೆಟ್ ಇದ್ದರೆ ಸಾಕು. ಒಳ್ಳೆಯ ಒಗಟಿನಲ್ಲಿ ಕಿವಿಗೆ ಕೆಲಸ ಇರಬೇಕು. ಕರ್ನಾಟಕ ಸಂಗೀತದಲ್ಲಿ ಇದು ಸುಲಭ, ಯಾಕೆಂದರೆ ನಮ್ಮ ಮೇಳಕರ್ತ ರಾಗಗಳ (ಏಳೂ ಸ್ವರ ಇರುವ ಮೂಲ ರಾಗಗಳು, ಚಿಕ್ಕದಾಗಿ ಮೇಳ) ಹೆಸರಿನಲ್ಲೇ ಅಂಕಿ ಇದೆ.

ಹೆಸರಿನಿಂದ ಅಂಕಿ

17ನೇ ಶತಮಾನದಲ್ಲಿ ವೆಂಕಟಮಖಿ 72 ಮೇಳಗಳ ಚೌಕಟ್ಟು ಹಾಕಿಕೊಟ್ಟರು. ಮೇಳದ ಸಂಖ್ಯೆ ಹೆಸರಿನಲ್ಲೇ ಸಿಗುವಂತೆ ಮಾಡಿದ್ದು ಆಮೇಲಿನವರು. ಅದೇ ಕಟಪಯಾದಿ ಸೂತ್ರ. ಕ-ದಿಂದ ಝ-ವರೆಗೆ 1ರಿಂದ 9, ಞ ಸೊನ್ನೆ. ಟ-ದಿಂದ ಧ-ವರೆಗೆ ಮತ್ತೆ 1ರಿಂದ 9, ನ ಸೊನ್ನೆ. ಪ-ದಿಂದ ಮ-ವರೆಗೆ 1ರಿಂದ 5. ಯ, ರ, ಲ, ವ, ಶ, ಷ, ಸ, ಹ ಕ್ರಮವಾಗಿ 1ರಿಂದ 8. ರಾಗದ ಮೊದಲ ಎರಡು ಅಕ್ಷರ ತೆಗೆದುಕೊಂಡು, ಅಂಕಿಗಳನ್ನು ತಿರುಗಿಸಿ ಬರೆಯಬೇಕು. ಮಾಯಾಮಾಳವಗೌಳದಲ್ಲಿ ಮ 5, ಯ 1. ತಿರುಗಿಸಿದರೆ 15. ಅದು ಹದಿನೈದನೇ ಮೇಳ.

ಮೊದಲು ಜಾಗ, ಆಮೇಲೆ ರಾಗ

ಇಷ್ಟದ ರಾಗದಿಂದ ಶುರು ಮಾಡಿದರೆ ಡಬ್ಬಿ ಯಾರದೋ ಮನೆ ಕಾಂಪೌಂಡಿನೊಳಗೆ ಹೋಗಿ ಕೂರುತ್ತದೆ. ಆದ್ದರಿಂದ ಮೊದಲು ಜಾಗ ಹುಡುಕಿ, ಅಲ್ಲೇ ನಿಂತು ಜಿಪಿಎಸ್ ಅಂಕಿಗಳನ್ನು ಬರೆದುಕೊಳ್ಳಿ. ಮೈಸೂರಿನೊಳಗಿನ ಒಂದು ಜಾಗ ಹೀಗೆ ಬಂತು ಅಂದುಕೊಳ್ಳಿ: ಉತ್ತರ 12° 18.156, ಪೂರ್ವ 76° 38.520. (ಲೆಕ್ಕ ತೋರಿಸಲು ಹಾಕಿದ್ದು ಅಷ್ಟೇ, ಅಲ್ಲಿ ಡಬ್ಬಿ ಇಲ್ಲ.) ಡಿಗ್ರಿ ಮತ್ತು ನಿಮಿಷವನ್ನು ನೇರವಾಗಿ ಕೊಟ್ಟುಬಿಡಿ. ದಶಾಂಶದ ಆರು ಅಂಕಿ ಉಳಿಯುತ್ತವೆ: 15, 65, 20. ಮೂರು ರಾಗ ಸಾಕು. ಯಾವುದಾದರೂ ಜೋಡಿ 72 ದಾಟಿದರೆ ಎರಡು ರಾಗಗಳ ಮೊತ್ತ ಕೇಳಿ. 94 ಬೇಕಾದರೆ 29 ಮತ್ತು 65.

ಸುಳಿವು ಬರೆಯುವಾಗ ರಾಗದ ಹೆಸರು ಹೇಳಬೇಡಿ. ಮೊದಲನೆಯದು ಎಲ್ಲರಿಗೂ ಸುಲಭವಾಗಿರಲಿ: ‘ಮಕ್ಕಳು ಸರಳೆ ವರಸೆ ಕಲಿಯುವ ರಾಗ.’ ಪಾಠಕ್ಕೆ ಹೋದವರೆಲ್ಲ ಮಾಯಾಮಾಳವಗೌಳ ಅನ್ನುತ್ತಾರೆ.

ಎರಡನೆಯದಕ್ಕೆ ನೀವೇ ಹಾಡಿ ರೆಕಾರ್ಡ್ ಮಾಡಿ. ಧೀರಶಂಕರಾಭರಣದ ಆರೋಹಣ-ಅವರೋಹಣ ನಿಧಾನವಾಗಿ ಹಾಡಿ, ಕೆಳಗೆ ಬರೆಯಿರಿ: ‘ಮಧ್ಯಮ ಒಂದನ್ನು ಮಾತ್ರ ಬದಲಿಸಿ.’ ಕೇಳಿದವರು ಶುದ್ಧ ಮಧ್ಯಮದ ಜಾಗಕ್ಕೆ ಪ್ರತಿ ಮಧ್ಯಮ ಹಾಕಿ ಗುನುಗಬೇಕು. ಆಗ ಬರುವುದು ಮೇಚಕಲ್ಯಾಣಿ. ಧೀರಶಂಕರಾಭರಣ 29ನೇ ಮೇಳ. ಮೊದಲ 36 ಮೇಳಕ್ಕೆ ಶುದ್ಧ ಮಧ್ಯಮ, ಉಳಿದ 36ಕ್ಕೆ ಪ್ರತಿ ಮಧ್ಯಮ, ಆದ್ದರಿಂದ 29ಕ್ಕೆ 36 ಸೇರಿ 65. ನನಗೆ ತುಂಬ ಇಷ್ಟವಾದ ಸುಳಿವು ಇದೇ. ಹಾಡಿನೋಡದೆ ಇದರ ರುಚಿ ಸಿಗುವುದಿಲ್ಲ. ಧಾರವಾಡದ ಕಡೆ ಹಿಂದೂಸ್ತಾನಿ ಕಲಿತವರಿಗೂ ದಾರಿ ಇದೆ. ಅವರಿಗೆ ಇದು ಬಿಲಾವಲ್ ಥಾಟಿನಿಂದ (ನಮ್ಮ ಮೇಳದಂಥದ್ದು) ಕಲ್ಯಾಣ್ ಥಾಟಿಗೆ ಹೋದಂತೆ. ಮೇಳದ ಸಂಖ್ಯೆ ಹುಡುಕಬೇಕು ಅಂತ ಒಂದು ಸಾಲು ಸೇರಿಸಿ.

ಮೂರನೆಯದನ್ನು ಸ್ವರಗಳಲ್ಲೇ ಕೊಡಿ: ಚತುಶ್ರುತಿ ರಿಷಭ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಶುದ್ಧ ಧೈವತ, ಕೈಶಿಕಿ ನಿಷಾದ. ಇದು ನಠಭೈರವಿ. ನ 0, ಠ 2, ತಿರುಗಿಸಿದರೆ 20. ಹೆಸರು ಹೊಳೆಯದಿದ್ದರೂ ಲೆಕ್ಕ ಬರುತ್ತದೆ. ಈ ರಿಷಭ-ಗಾಂಧಾರದ ಜೋಡಿ ನಾಲ್ಕನೇ ಚಕ್ರದ್ದು. ಒಂದು ಚಕ್ರಕ್ಕೆ ಆರು ಮೇಳ, ಅಂದರೆ ಹಿಂದೆ 18 ಮುಗಿದಿವೆ. ಶುದ್ಧ ಧೈವತ, ಕೈಶಿಕಿ ನಿಷಾದ ಚಕ್ರದ ಎರಡನೇ ಮೇಳ. 18ಕ್ಕೆ 2 ಸೇರಿಸಿ. ಎರಡು ದಾರಿಯಲ್ಲೂ 20 ಬಂದರೆ ಬಿಡಿಸುವವರಿಗೆ ಧೈರ್ಯ.

ಎಲ್ಲಿ ಎಡವುತ್ತಾರೆ?

ಇಲ್ಲಿ ಜಾಸ್ತಿ ಗಮನ ಕೊಡಿ. ಬಹಳ ಜನ ‘ನಟಭೈರವಿ’ ಅಂತಲೇ ಬರೆಯುತ್ತಾರೆ. ಟ ಆದರೆ 1, ಉತ್ತರ 10. ಅದು ನಾಟಕಪ್ರಿಯದ ಸಂಖ್ಯೆ. ರೇಖಾಂಶ .520 ಬದಲು .510 ಆಗಿ ಸುಮಾರು 18 ಮೀಟರ್ ಪಕ್ಕಕ್ಕೆ ಹೋಗುತ್ತಾರೆ. ತಪ್ಪಾಗಿದೆ ಅಂತ ಅನುಮಾನವೂ ಬರದಷ್ಟು ಹತ್ತಿರ, ಡಬ್ಬಿ ಮಾತ್ರ ಸಿಗದು. 15 ಅನ್ನು ತಿರುಗಿಸದೆ 51 ಅಂತ ಹಾಕಿದರೆ ಸುಮಾರು 660 ಮೀಟರ್ ದೂರ.

ಒತ್ತಕ್ಷರದ ರಾಗಗಳನ್ನು ಬಿಟ್ಟುಬಿಡಿ. ಧರ್ಮವತಿಯಲ್ಲಿ ‘ರ್ಮ’ದ ಮ ಲೆಕ್ಕಕ್ಕೆ ಬಂದು 59 ಆಗುತ್ತದೆ. ದಿವ್ಯಮಣಿಯಲ್ಲಿ ‘ವ್ಯ’ದ ವ ತೆಗೆದುಕೊಂಡರೆ ಮಾತ್ರ ಸರಿಯಾದ 48. ಜನ್ಯರಾಗ (ಮೇಳದಿಂದ ಹುಟ್ಟಿದ ರಾಗ) ಕೊಟ್ಟು ‘ಇದರ ಮೇಳ ಯಾವುದು’ ಅಂತ ಕೇಳುವುದೂ ಅಪಾಯ. ಹಿಂದೋಳವನ್ನು 20ಕ್ಕೆ ಸೇರಿಸುವವರಿದ್ದಾರೆ, 8ಕ್ಕೆ ಸೇರಿಸುವವರೂ ಇದ್ದಾರೆ. ವಿದ್ವಾಂಸರೇ ಒಪ್ಪದ ವಿಷಯಕ್ಕೆ ಹುಡುಕುವವರನ್ನು ಬಿಸಿಲಲ್ಲಿ ಅಲೆಸಬಾರದು. ಉತ್ತರ ತಾಳೆ ನೋಡಿಕೊಳ್ಳಲು ಕೊನೆಯಲ್ಲಿ ಆರು ಅಂಕಿಗಳ ಮೊತ್ತ ಕೊಡಿ. ನಮ್ಮ ಉದಾಹರಣೆಯಲ್ಲಿ 19.

ಡಬ್ಬಿ ಇಡುವಾಗ

ನಕ್ಷೆಯಲ್ಲಿ ತೋರಿಸುವ ಜಾಗದಿಂದ ನಿಜವಾದ ಡಬ್ಬಿ ಸುಮಾರು 3.2 ಕಿ.ಮೀ. ಒಳಗಿರಬೇಕು. ಬೇರೆ ಡಬ್ಬಿಗಳಿಂದ ಕನಿಷ್ಠ 161 ಮೀಟರ್ ದೂರ ಇರಬೇಕು. ನೆಲ ಅಗೆಯುವಂತಿಲ್ಲ, ಜಾಗದವರ ಅನುಮತಿ ಬೇಕು. ನಮ್ಮ ಊರುಗಳಲ್ಲಿ ವಾರಸುದಾರರಿಲ್ಲದ ಡಬ್ಬಿ ಕಂಡರೆ ಜನ ಹೆದರುತ್ತಾರೆ. ಒಳಗಿರುವುದು ಕಾಣುವ ಪ್ಲಾಸ್ಟಿಕ್ ಡಬ್ಬಿ ತಗೊಂಡು, ಇದೊಂದು ಆಟದ ಡಬ್ಬಿ ಅಂತ ಕನ್ನಡದಲ್ಲೇ ದೊಡ್ಡದಾಗಿ ಬರೆದು ಅಂಟಿಸಿ. ತಿಂಡಿ ಇಡಬೇಡಿ, ಕೋತಿಗಳು ಬಿಡುವುದಿಲ್ಲ.

ಪ್ರಕಟಿಸುವ ಮುಂಚೆ ಸಂಗೀತ ಬಲ್ಲ ಒಬ್ಬರಿಗೆ, ಬಾರದ ಒಬ್ಬರಿಗೆ ಒಗಟು ಕೊಟ್ಟು ನೋಡಿ. ಮೊದಲನೆಯವರು ಸುಳಿವಿನ ತಪ್ಪು ಹಿಡಿಯುತ್ತಾರೆ, ಎರಡನೆಯವರು ವಿವರಣೆಯ ತಪ್ಪು ಹಿಡಿಯುತ್ತಾರೆ. ಪುಸ್ತಕದ ಮೊದಲ ಪುಟದಲ್ಲಿ ‘ಯಾವ ರಾಗಕ್ಕೆ ತಡವಾಯಿತು?’ ಅಂತ ಕೇಳಿ. ಬಂದವರು ಬರೆಯುವ ಉತ್ತರ ನೋಡಿ ಮುಂದಿನ ಒಗಟಿನ ರಾಗಗಳನ್ನು ಆರಿಸಿಕೊಳ್ಳಬಹುದು.